ಸ್ಟಾರ್ಟಪ್ ಪ್ರೋಗ್ರಾಂಗೆ ಮಳೆಗಾಲದ ಬ್ಯಾಚ್ ಒಳ್ಳೆಯದಾ, ಚಳಿಗಾಲದ್ದಾ?

ಯಾವ ಕಾಲದಲ್ಲಿ ಸೇರಿದರೆ ಕೆಲಸ ಜಾಸ್ತಿ ಸಾಗುತ್ತೆ ಅಂತ ಕೇಳಿದ್ದೀರಿ. ನಾವೂ ಇದೇ ಲೆಕ್ಕ ಹಾಕಿದ್ದೆವು. ಮಳೆಗಾಲದಲ್ಲಿ ಓಡಾಟ ಕಡಿಮೆ, ಬೆಂಗಳೂರಲ್ಲಿ ಕೂತು ಕೆಲಸ ಮುಗಿಸಬಹುದು ಅಂತ ಜೂನ್‌ನಲ್ಲಿ ಶುರುವಾಗುವ ಹೊಸ ಕಂಪನಿಗಳಿಗೆ ಮಾರ್ಗದರ್ಶನ ಕೊಡುವ ಮೂರು ತಿಂಗಳ ಪ್ರೋಗ್ರಾಂಗೆ ಸೇರಿದೆವು. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಬೆಳೆಗಾರರಿಗಾಗಿ ಮಾಡಿದ ಅಡಿಕೆ ಡ್ರೈಯರ್.

ಕೆಲಸವೇನೋ ಚೆನ್ನಾಗೇ ಸಾಗಿತು. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಒಣಗಿಸೋಕೆ ಹೊಸ ಅಡಿಕೆ ಎಲ್ಲಿರುತ್ತೆ? ಆಗ ಎಲ್ಲರೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ. ಅಡಿಕೆಗೊನೆ ಕೊಯ್ಲು ಚುರುಕಾಗುವುದು ಅಕ್ಟೋಬರ್ ಮೇಲೆ. ಹಾಗಾಗಿ ಹಿಂದಿನ ವರ್ಷದ ಚಾಲಿ ಅಡಿಕೆಯನ್ನು (ಹಣ್ಣಾದ ಮೇಲೆ ಬಿಸಿಲಲ್ಲಿ ಒಣಗಿಸಿ ಸುಲಿದದ್ದು) ನೀರಲ್ಲಿ ನೆನೆಸಿ ಟ್ರೇಗೆ ಹಾಕಿ ಪರೀಕ್ಷೆ ಮಾಡಿದೆವು. ಸೊಗಸಾಗಿ ಒಣಗಿತು. ಪ್ರೋಗ್ರಾಂ ಕೊನೆಗೆ ಹೂಡಿಕೆದಾರರಿಗೆ ತೋರಿಸುವ ಡೆಮೊ ಡೇ ದಿನ ಆ ಗ್ರಾಫನ್ನೇ ತೋರಿಸಿದೆವು.

ಕೆಂಪಡಿಕೆ ಮಾಡುವವರಿಗೆ ತಪ್ಪು ಇಲ್ಲೇ ಗೊತ್ತಾಗುತ್ತೆ. ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಹಿಡಿಸಿ ಆಮೇಲೆ ಒಣಗಿಸುತ್ತಾರೆ. ಚೊಗರು ಅಂದರೆ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಬರುವ ರಸ. ಬೆಲ್ಲದ ಪಾಕದಷ್ಟು ಅಂಟು. ಚಾಲಿಗೆ ಬೇಯಿಸುವುದೂ ಇಲ್ಲ, ಚೊಗರೂ ಇಲ್ಲ. ಹೊಸ ಅಡಿಕೆ ಹಾಕಿದ ಮೊದಲ ರಾತ್ರಿಯೇ ಟ್ರೇಯ ಜಾಲರಿಗೆ ಚೊಗರು ಮೆತ್ತಿಕೊಂಡು ತೂತುಗಳೆಲ್ಲ ಮುಚ್ಚಿಹೋದವು. ಬಿಸಿಗಾಳಿ ಮೇಲೆ ಹತ್ತಲಿಲ್ಲ. ಕೆಳಗಿನ ಟ್ರೇ ಒಣಗಿತು, ಮೇಲಿನದಕ್ಕೆ ಬೂಸ್ಟು ಹಿಡಿಯಿತು. ಬೇರೆಯವರ ಬೆಳೆ ಅದು. ಬೆಲೆ ಕಟ್ಟಿಕೊಟ್ಟೆವು. ಆದರೆ ಆ ಮನೆಯವರು ಮತ್ತೆ ನಮ್ಮ ಡ್ರೈಯರ್ ಮುಟ್ಟಲಿಲ್ಲ.

ಅಷ್ಟೊತ್ತಿಗೆ ಪ್ರೋಗ್ರಾಂ ಮುಗಿದು, ಮೆಂಟರ್‌ಗಳು ಮುಂದಿನ ಬ್ಯಾಚಿನಲ್ಲಿ ಮುಳುಗಿದ್ದರು. ಅಗಲ ಕಣ್ಣಿನ ಜಾಲರಿ ಹಾಕಿಸುವಷ್ಟರಲ್ಲಿ ಕೊಯ್ಲೂ ಮುಗಿಯಿತು. ಇನ್ನು ಮುಂದಿನ ಅಕ್ಟೋಬರ್‌ವರೆಗೆ ಕಾಯಬೇಕು. ಅಲ್ಲಿಯವರೆಗೆ ಸಂಬಳ ಕೊಡುವಷ್ಟು ದುಡ್ಡಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅಮೆರಿಕದ ಹೆಸರಾಂತ ಸ್ಟಾರ್ಟಪ್ ಪ್ರೋಗ್ರಾಂ ವೈ ಕಾಂಬಿನೇಟರ್‌ನಲ್ಲಿ ಡ್ರಾಪ್‌ಬಾಕ್ಸ್ 2007ರ ಬೇಸಿಗೆ ಬ್ಯಾಚು, ಏರ್‌ಬಿಎನ್‌ಬಿ 2009ರ ಚಳಿಗಾಲದ ಬ್ಯಾಚು. ಎರಡೂ ಗೆದ್ದವು. 2025ರಿಂದ ಅಲ್ಲಿ ವರ್ಷಕ್ಕೆ ನಾಲ್ಕು ಬ್ಯಾಚು. ನಿಮಗೆ ಯಾವ ಹವೆ ಹಿತ ಅನ್ನೋದನ್ನ ಬಿಡಿ. ಆ ಮೂರು ತಿಂಗಳು ನಿಮ್ಮ ಗಿರಾಕಿಗಳು ಏನು ಮಾಡುತ್ತಿರುತ್ತಾರೆ ಅಂತ ಮೊದಲು ವಿಚಾರಿಸಿ. ಶಾಲೆಗಳಿಗೆ ಮಾರುವವರು ಜೂನ್‌ನಲ್ಲಿ ಬಾಗಿಲು ತಟ್ಟಿದರೆ, ಆ ವರ್ಷದ ಖರೀದಿ ಮುಗಿದೇ ಹೋಗಿರುತ್ತೆ.

ಸೀಟು ಈಗಾಗಲೇ ಸಿಕ್ಕಿದ್ದರೆ ಮುಂದಿನ ಬ್ಯಾಚಿಗೆ ಹಾಕಿಕೊಡಿ ಅಂತ ಕೇಳಿ, ಕೇಳೋದರಲ್ಲಿ ತಪ್ಪಿಲ್ಲ. ಒಪ್ಪದಿದ್ದರೆ, ಸೀಸನ್‌ವರೆಗೆ ಸಂಬಳಕ್ಕೆ ದುಡ್ಡು ಎತ್ತಿಟ್ಟುಕೊಂಡೇ ಸೇರಿ.