ಗೌಡನ್‌ಬಾಂಡ್ ಬಿಯರ್ ಬರೀ ಹುಳಿ ಅನ್ನಿಸ್ತಿದೆ, ಕೆಟ್ಟಿದ್ಯಾ ಅಂದಿದ್ರಿ

ಕೆಟ್ಟಿರೋದಕ್ಕಿಂತ ಫ್ರಿಜ್‌ನಿಂದ ತೆಗ್ದು ತಕ್ಷಣ ಕುಡ್ದಿದ್ದೇ ಕಾರಣ ಇರ್ಬೇಕು, ತುಂಬಾ ತಣ್ಣಗಿದ್ರೆ ಮಾಲ್ಟ್‌ನ ಸಿಹಿ ಗೊತ್ತೇ ಆಗಲ್ಲ, ಹುಳಿ ಮಾತ್ರ ನಾಲಿಗೆಗೆ ಹೊಡಿಯತ್ತೆ. ಬೆಲ್ಜಿಯಂನ ಔಡೆನಾರ್ಡೆ ಊರಿನ ಈ ಕಂದು ಬಿಯರ್‌ಗೆ ಹುಳಿ ಇರ್ಲೇಬೇಕು, ಮೊಸರಲ್ಲಿರೋ ಲ್ಯಾಕ್ಟಿಕ್ ಆಸಿಡ್ಡೇ ಇದ್ರಲ್ಲೂ ಇರೋದು.

ಇನ್ನೊಂದು ಬಾಟಲ್ ಇದ್ಯಲ್ಲ, ಅದನ್ನ ಮೊದ್ಲು ಹೊರಗಿಟ್ಟು 10-12 ಡಿಗ್ರಿಗೆ ಬರೋಕ್ ಬಿಡಿ, ಆಮೇಲೆ ವೈನ್ ಗ್ಲಾಸಿಗೆ ಅರ್ಧ ಮಾತ್ರ ಹಾಕಿ ಮೂಸಿ ನೋಡಿ. ಒಣದ್ರಾಕ್ಷಿ, ಕ್ಯಾರಮೆಲ್ ವಾಸನೆ ಬಂದ್ರೆ ಸರಿಯಾಗೇ ಇದೆ. ಸಣ್ಣ ಗುಟುಕು ತಗೊಂಡು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಕೊಳ್ಳಿ, ಆಲ್ಕೋಹಾಲ್ 8% ಇದೆ, ಮಾಮೂಲಿ ಲಾಗರ್ ಬಿಯರ್ ತರ ಗಟಗಟ ಬೇಡ.

ಬೆಲ್ಜಿಯಂನದ್ದೇ ಇನ್ನೊಂದು ಹುಳಿ ಬಿಯರ್ ರೋಡೆನ್‌ಬಾಖ್ ಓಕ್ ಮರದ ಪೀಪಾಯಲ್ಲಿ ಮಾಗೋದು, ಅದ್ರಲ್ಲಿ ಸ್ವಲ್ಪ ವಿನೆಗರ್ ಘಾಟು ಸಹಜ. ಆದ್ರೆ ನಿಮ್ಮ ಗೌಡನ್‌ಬಾಂಡ್‌ನಲ್ಲಿ ಮೂಗು ಉರಿಯೋಷ್ಟು ವಿನೆಗರ್ ಇದ್ರೆ, ಇಲ್ಲಾ ಒದ್ದೆ ರಟ್ಟಿನ ವಾಸನೆ ಬಂದ್ರೆ ಕೆಟ್ಟಿರ್ಬಹುದು, ಕುಡಿಯದೆ ನಾನು ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಹಾಗಿದ್ರೆ ಚೆಲ್ಬಿಡಿ.