ಕರಾವಳಿಯ ಮಾಲಿನ್ಯ ಅಳೆಯಲು ಕಡಲತಳದ ಹುಳುಗಳನ್ನೇಕೆ ಎಣಿಸುತ್ತಾರೆ?

ನೀರನ್ನು ಪರೀಕ್ಷಿಸಿದರೆ ಸಾಲದೇ ಎಂದು ಕೇಳಿದ್ದೀರಿ. ನೀರಿನ ಮಾದರಿಯು ಅದನ್ನು ತುಂಬಿಕೊಂಡ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ನಿನ್ನೆ ಬಂದ ಕೊಳಚೆ ಇಂದಿನ ಇಳಿತದೊಡನೆ ಹೊರಟುಹೋಗಿರಬಹುದು. ಕೆಸರಿನಲ್ಲಿ ಹುದುಗಿ ಬದುಕುವ ಹುಳು, ಚಿಪ್ಪುಜೀವಿಗಳು ಹಾಗೆ ದೂರ ಓಡಲಾರವಾದ್ದರಿಂದ, ತಿಂಗಳುಗಟ್ಟಲೆ ಬಿದ್ದ ಹೊಡೆತದ ಗುರುತು ಅವುಗಳಲ್ಲಿ ಉಳಿದಿರುತ್ತದೆ.

ಮೇಲೆತ್ತಿದ ಕೆಸರನ್ನು ಸಾಮಾನ್ಯವಾಗಿ 0.5 ಅಥವಾ 1 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಪ್ರಾಣಿಗಳನ್ನು ಜಾತಿವಾರು ಎಣಿಸುತ್ತಾರೆ. ಸಾವಯವ ಕೊಳಚೆ ಹೆಚ್ಚಿದಂತೆ ಅದರ ಕೊಳೆಯುವಿಕೆಯೇ ಆಮ್ಲಜನಕವನ್ನು ಹೀರುವುದರಿಂದ, ಆಳಕ್ಕೆ ಬಿಲ ತೋಡುವ ದೀರ್ಘಾಯುಷಿ ಜಾತಿಗಳು ಮೊದಲು ಮರೆಯಾಗಿ, ಕ್ಯಾಪಿಟೆಲ್ಲಾದಂತಹ ದಾರದೆಳೆಯಷ್ಟು ಸಣ್ಣ ಕೆಂಪು ಹುಳುಗಳು ಕಿಕ್ಕಿರಿಯುತ್ತವೆ. ಈ ಕ್ರಮವನ್ನು ಕಡಲಜೀವಿಗಳ ವಿಜ್ಞಾನಿಗಳಾದ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲಿ ವಿವರಿಸಿದರು. ಆದ್ದರಿಂದ ಪ್ರಾಣಿಗಳು ಬಹಳವಿವೆಯೆಂದು ಹಿಗ್ಗುವಂತಿಲ್ಲ, ಯಾವ ಜಾತಿಗಳು ಎಂಬುದನ್ನೇ ನೋಡಬೇಕು.

ಮಳೆಗಾಲದಲ್ಲಿ ಸಿಹಿನೀರು ನುಗ್ಗುವ ಅಳಿವೆಗಳಲ್ಲಿ ಜಾತಿಗಳು ಸಹಜವಾಗಿಯೇ ಕಡಿಮೆಯಿರುವುದರಿಂದ, ಹೋಲಿಕೆಗೆ ಅದೇ ಋತುವಿನ, ಅದೇ ಬಗೆಯ, ಕೊಳಚೆ ತಾಗದ ಕೆಸರು ಬೇಕಾಗುತ್ತದೆ.