ಕಡಲತೀರದಲ್ಲಿ ಒಬ್ಬರೇ ಇಡೀ ದಿನ ಅಲೆದಾಡಿದರೆ ಬೇಸರವಾಗುವುದಿಲ್ಲವೇ? ಭಯವಾಗುವುದಿಲ್ಲವೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಜೊತೆಗೆ ಯಾರೂ ಇಲ್ಲದೆ ಬೆಳಗಿನಿಂದ ಸಂಜೆಯವರೆಗೆ ಕಡಲ ದಂಡೆಯಲ್ಲಿ ಹೊತ್ತು ಹೋಗುವುದು ಹೇಗೆ ಎಂಬುದು ಮೊದಲನೆಯದು. ಹೊತ್ತು ಕಳೆಯುವ ಕೆಲಸವನ್ನು ನಾನು ಕಡಲಿಗೇ ಬಿಟ್ಟುಬಿಡುತ್ತೇನೆ. ಭಯದ ಪ್ರಶ್ನೆಗೆ ಉತ್ತರವನ್ನು ಒಮ್ಮೆ ಅಂಗೈ ಸುಲಿದುಕೊಂಡು ಕಲಿತಿದ್ದೇನೆ. ಅದನ್ನೂ ಹೇಳುತ್ತೇನೆ.

ಇಂಥ ದಿನಕ್ಕೆ ನಾನು ಮಾಡಿಕೊಳ್ಳುವ ಮುಖ್ಯ ಸಿದ್ಧತೆ ಎಂದರೆ ಆ ತೀರದ ಉಬ್ಬರವಿಳಿತದ ವೇಳೆಯನ್ನು ನೋಡಿಟ್ಟುಕೊಳ್ಳುವುದು. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಹಾಗಾಗಿ ಇಂದಿನ ವೇಳೆಗಿಂತ ನಾಳೆಯದು ಸುಮಾರು 50 ನಿಮಿಷ ತಡ. ನಿನ್ನೆ ಒಂಬತ್ತು ಗಂಟೆಗೆ ನಡೆದ ದಾರಿ ಇವತ್ತು ಒಂಬತ್ತಕ್ಕೆ ನೀರಿನಡಿ ಇರಬಹುದು. ನೀರು ಇಳಿಯತೊಡಗಿ ಒಂದೆರಡು ಗಂಟೆಯಾದ ಮೇಲೆ ಹೊರಡುತ್ತೇನೆ. ಆಗ ನೀರಂಚಿನ ಒದ್ದೆ ಮರಳು ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ. ಮೇಲಿನ ಒಣಮರಳಿನಲ್ಲಿ ಒಂದು ಕಿಲೋಮೀಟರ್ ನಡೆದು ನೋಡಿ, ವ್ಯತ್ಯಾಸ ಏನೆಂದು ನಿಮ್ಮ ಮೀನಖಂಡವೇ ಹೇಳುತ್ತದೆ. ದಂಡೆ ನೀರಿನ ಕಡೆಗೆ ವಾಲಿರುವುದರಿಂದ ಹೋಗುವಾಗ ಒಂದು ಕಾಲು ದೂರುತ್ತದೆ, ಬರುವಾಗ ಇನ್ನೊಂದು.

ಜೊತೆಗಾರರಿದ್ದಾಗ ನಡಿಗೆ ಮಾತಿನ ಹಿಂದೆ ಹೋಗುತ್ತದೆ. ಒಬ್ಬಳೇ ಇದ್ದಾಗ ಕಣ್ಣಿನ ಹಿಂದೆ. ಒಮ್ಮೆ ಹೀಗೆ ಕಣ್ಣಿಗೆ ಬಿದ್ದದ್ದು ನನ್ನದೇ ಪಾದ. ಒದ್ದೆ ಮರಳಿನ ಮೇಲೆ ಕಾಲೂರಿ ಭಾರ ಬಿಟ್ಟೊಡನೆ ಸುತ್ತಲಿನ ಮರಳು ಒಣಗಿದಂತೆ ಬೆಳ್ಳಗಾಯಿತು. ಕಾಲೆತ್ತಿದರೆ ಹೆಜ್ಜೆಯ ಗುಳಿಯಲ್ಲಿ ನೀರು ಒಸರಿತು. ಒತ್ತಿದಾಗ ನೀರು ಹೊರಗೆ ಬರಬೇಕಲ್ಲ, ಒಳಗೇಕೆ ಹೋಯಿತು? ಇಕ್ಕಟ್ಟಾಗಿ ಕುಳಿತ ಮರಳಿನ ಕಣಗಳು ಅಲುಗಾಡಬೇಕಾದರೆ ಒಂದನ್ನೊಂದು ಹತ್ತಿ ದಾಟಬೇಕು. ಆಗ ನಡುವಿನ ಸಂದುಗಳು ಹಿಗ್ಗುತ್ತವೆ, ಮೇಲಿನ ನೀರು ಅಲ್ಲಿಗೆ ಇಳಿಯುತ್ತದೆ. ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲೇ ಇದನ್ನು ವಿವರಿಸಿದ್ದರಂತೆ. ನಾನು ಓದಿ ತಿಳಿದುಕೊಂಡದ್ದು ಆಮೇಲೆ. ಅಂದು ಮಾತ್ರ ಅರ್ಧ ಗಂಟೆ ಕಾಲೂರುವುದು, ಎತ್ತುವುದು, ಬಗ್ಗಿ ನೋಡುವುದು, ಇಷ್ಟೇ ಮಾಡಿದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಐದನೆಯ ಹೆಜ್ಜೆಗೇ ‘ಸಾಕು ಬಾ’ ಎನ್ನುತ್ತಿದ್ದರು.

ಬೆಚ್ಚನೆಯ ಕಡಲುಗಳ ಕೆಲವು ದಂಡೆಗಳಲ್ಲಿ ಉಗುರಿನಷ್ಟೇ ಗಾತ್ರದ ಏಡಿಗಳಿರುತ್ತವೆ. ನೀರು ಇಳಿದೊಡನೆ ಬಿಲದಿಂದ ಹೊರಬಂದು, ಮರಳನ್ನು ಬಾಯಿಗೆ ಹಾಕಿಕೊಂಡು, ತಿನ್ನುವಂಥದ್ದನ್ನು ಸೋಸಿಕೊಂಡು, ಉಳಿದದ್ದನ್ನು ಪುಟ್ಟ ಉಂಡೆ ಮಾಡಿ ಬಿಸಾಡುತ್ತವೆ. ಬಿಲದ ಬಾಯಿಯಿಂದ ಸುತ್ತಲೂ ಕಿರಣಗಳಂತೆ ಉಂಡೆಗಳ ಸಾಲು. ನಿಮ್ಮ ನೆರಳು ಬಿದ್ದರೆ ಎಲ್ಲವೂ ಮಾಯ. ಕದಲದೆ ಕುಳಿತರೆ ಒಂದೊಂದಾಗಿ ಮತ್ತೆ ಬರುತ್ತವೆ. ಇಬ್ಬರು ಕೂಡಿ ಕದಲದೆ ಕುಳಿತದ್ದನ್ನು ನಾನಂತೂ ಕಂಡಿಲ್ಲ.

ಮಧ್ಯಾಹ್ನದ ಬಗ್ಗೆ ಹೇಳುವುದು ಹೆಚ್ಚಿಲ್ಲ, ನೆರಳು ಹುಡುಕಿಕೊಳ್ಳಿ. ನೆಲ ನೀರಿಗಿಂತ ಬೇಗ ಕಾಯುವುದರಿಂದ ಆ ಹೊತ್ತಿಗೆ ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಆ ತಂಪಿನಲ್ಲಿ ಚರ್ಮ ಸುಡುತ್ತಿರುವುದು ಗೊತ್ತಾಗುವುದಿಲ್ಲ. ನನ್ನ ಕಿವಿಯ ತುದಿ ಹೀಗೇ ಎರಡು ಸಲ ಸುಲಿದಿದೆ.

ಈಗ ಅಂಗೈಯ ಕಥೆ. ಕಡಲಿಗೆ ಚಾಚಿಕೊಂಡ ಬಂಡೆಸಾಲೊಂದನ್ನು ಬಳಸಿ ಆಚೆಯ ಪುಟ್ಟ ಕೊಲ್ಲಿಗೆ ಹೋಗಿದ್ದೆ. ದಾಟುವಾಗ ನೀರು ಪಾದ ಮುಳುಗುವಷ್ಟಿತ್ತು. ಏರಲು ತೊಡಗಿ ಒಂದು ಗಂಟೆಯಾಗಿತ್ತು ಎಂಬುದೂ ಗೊತ್ತಿತ್ತು. ಗಂಟೆಗೆ ಇಷ್ಟೇ ಏರುವುದಾದರೆ ಅವಸರವೇನು ಎಂದು ಲೆಕ್ಕ ಹಾಕಿದೆ. ಲೆಕ್ಕ ತಪ್ಪಿದ್ದು ಅಲ್ಲಿಯೇ. ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಸರಿಸುಮಾರಾಗಿ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು. ಅಂದರೆ ಅರ್ಧದಷ್ಟು ನೀರು ನಡುವಿನ ಎರಡೇ ಗಂಟೆಗಳಲ್ಲಿ ಬಂದುಬಿಡುತ್ತದೆ. ಸಾಲದ್ದಕ್ಕೆ ಮರುದಿನ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಉಬ್ಬರ ಇನ್ನೂ ಜೋರಾಗಿರುತ್ತದೆ.

ಹಿಂದಿರುಗಿ ಬಂದಾಗ ಪಾದದಷ್ಟಿದ್ದ ನೀರು ಸೊಂಟದವರೆಗೆ ಬಂದಿತ್ತು, ಅಲೆ ಬಂಡೆಗೆ ಅಪ್ಪಳಿಸುತ್ತಿತ್ತು. ಬಂಡೆಗೆ ಅಂಟಿಕೊಂಡ ಚಿಪ್ಪುಗಳ ಪಟ್ಟಿಯನ್ನು ನಾನು ನೋಡಿದ್ದು ಆಗ. ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಕಡಲೇ ಬರೆದಿಟ್ಟ ಗೆರೆ ಅದು. ಅದು ನನ್ನ ತಲೆಗಿಂತ ಮೇಲಿತ್ತು. ಬೆಳಿಗ್ಗೆಯಿಂದ ಏಡಿ, ಮರಳು ಎಂದು ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದವಳಿಗೆ ಒಮ್ಮೆ ಕತ್ತೆತ್ತಿ ನೋಡಲು ತೋಚಿರಲಿಲ್ಲ. ಅದೇ ಚಿಪ್ಪುಗಳನ್ನು ಹಿಡಿದು ಬಂಡೆ ಹತ್ತಿ, ಹಿಂದಿನ ಮುಳ್ಳುಪೊದೆಗಳ ಇಳಿಜಾರಿನಲ್ಲಿ ತೆವಳಿ ದಾರಿ ಸೇರಿದೆ. ಮೊಬೈಲ್‌ಗೆ ಸಂಕೇತ ಸಿಗುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿಯೂ ಇರಲಿಲ್ಲ.

ಈಗ ಹೇಳಿಯೇ ಹೊರಡುತ್ತೇನೆ, ಹಿಂದಿರುಗುವ ಹೊತ್ತನ್ನೂ ಸೇರಿಸಿ. ನೀರು ಇನ್ನೂ ಇಳಿಯುತ್ತಿರುವಾಗ ಮಾತ್ರ ಬಂಡೆ ಬಳಸಿ ಆಚೆ ಹೋಗುತ್ತೇನೆ. ಒಬ್ಬಳೇ ಇದ್ದಾಗ ಮೊಣಕಾಲಿಗಿಂತ ಆಳಕ್ಕೆ ಇಳಿಯುವುದಿಲ್ಲ. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ನೀರು ಶಾಂತವಾಗಿ ಕಂಡರೆ ಇಳಿಯಲು ಅದೇ ಒಳ್ಳೆಯ ಜಾಗ ಎನಿಸುತ್ತದೆ. ಆದರೆ ದಡಕ್ಕೆ ಬಂದ ನೀರು ರಭಸದಿಂದ ಕಡಲಿಗೆ ಮರಳುವ ದಾರಿ ಎಷ್ಟೋ ಸಲ ಅದೇ ಆಗಿರುತ್ತದೆ. ಎಂದಾದರೂ ಸಿಕ್ಕಿಕೊಂಡರೆ ನೇರವಾಗಿ ದಡದತ್ತ ಸೆಣಸಬೇಡಿ, ದಡದ ಉದ್ದಕ್ಕೆ ಈಜಿ ಆ ಸೆಳೆತದಿಂದ ಹೊರಬನ್ನಿ.

ಇನ್ನು ಬೇಸರ. ಬರುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕರ ಸುಮಾರಿಗೆ ಒಮ್ಮೆ ಬರುತ್ತದೆ, ‘ಇಲ್ಲಿ ಏನು ಮಾಡುತ್ತಿದ್ದೇನೆ’ ಎಂಬ ರೀತಿಯದು. ಆಗ ಕುಳಿತುಬಿಡುತ್ತೇನೆ. ನಿಂತವರ ಕಣ್ಣಿಗೆ ಬಾನಂಚು ಇರುವುದು ಸುಮಾರು 4.5 ಕಿಲೋಮೀಟರ್ ದೂರದಲ್ಲಿ. ಕುಳಿತರೆ ಅದು 3 ಕಿಲೋಮೀಟರಿಗೆ ಹತ್ತಿರ ಬರುತ್ತದೆ. ಹತ್ತು ಮೀಟರ್ ಎತ್ತರದ ಬಂಡೆ ಹತ್ತಿ ನಿಂತರೆ ಸುಮಾರು 12ಕ್ಕೆ ಜಿಗಿಯುತ್ತದೆ. ಕುಳಿತು, ಎದ್ದು, ಬಂಡೆ ಹತ್ತಿ, ದೂರದ ದೋಣಿ ಎಷ್ಟೆಷ್ಟು ಕಾಣುತ್ತದೆ ಎಂದು ನೋಡುವಷ್ಟರಲ್ಲಿ ಐದಾಗಿರುತ್ತದೆ. ಸೂರ್ಯಾಸ್ತದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬಿಟ್ಟಿದ್ದೇನೆ.

ಹೊರಡುವ ಮುಂಚೆ ಒಂದು ಕಲ್ಲು ಆರಿಸಿಕೊಳ್ಳುತ್ತೇನೆ. ನೀರಿನಲ್ಲಿ ನೆನೆದಾಗ ಕೆಂಪು, ಹಸಿರು ಗೆರೆಗಳಿಂದ ಹೊಳೆಯುತ್ತಿರುತ್ತದೆ. ಮನೆಗೆ ಬಂದು ಚೀಲದಿಂದ ತೆಗೆದರೆ ಒಣಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಪ್ರತಿ ಸಲವೂ ಹೀಗೆಯೇ. ನನ್ನ ಕಿಟಕಿಯ ಅಂಚಿನಲ್ಲಿ ಅಂಥವು ಈಗ ಹತ್ತೊಂಬತ್ತಿವೆ.